ಬಲೀಂದ್ರನ ಕಿರೀಟ



ಎರ್ನಾಕುಲಕ್ಕೆ ಬಂದು ನೆಲೆಸಿದ ನಮಗೆ ತೃಪ್ಪೂಣಿತ್ತುರದ ಅತ್ತಚ್ಚಮಯ ಹೊಸದಲ್ಲ. ಚಿಂಗಮಾಸದ ಅತ್ತಂ, ಅಂದರೆ ನಮ್ಮ ಹಸ್ತಾ ನಕ್ಷತ್ರದ ದಿನ, ಕೊಚ್ಚಿಯ ಮಹಾರಾಜರು ಸಪರಿವಾರರಾಗಿ ಮೆರವಣಿಗೆ ಹೊರಡುತ್ತಿದ್ದರು. 1949ರಲ್ಲಿ ತಿರುವಿದಾಂಕೂರೂ ಕೊಚ್ಚಿಯೂ ಒಂದಾದಾಗ ಅದು ನಿಂತಿತು; 1961ರಲ್ಲಿ ಜನರ ಹಬ್ಬವಾಗಿ ಮತ್ತೆ ಆರಂಭವಾಯಿತು. ಅರಸರ ಚಿನ್ನದ ಕಿರೀಟ ಈಗ ಹಿಲ್ ಪ್ಯಾಲೆಸಿನ ವಸ್ತುಸಂಗ್ರಹಾಲಯದಲ್ಲಿದೆ. ಬೀದಿಯಲ್ಲಿ ಓಲೆಕೊಡೆ ಹಿಡಿದು ನಡೆಯುವವನು ಮಾವೇಲಿ. ಅವನ ತಲೆಯ ಮೇಲಿರುವುದು ರಟ್ಟು, ಜರಿಕಾಗದ, ಅಂಟು.

ಅಂಥದೊಂದನ್ನು ನಾವೂ ಮಾಡಿದೆವು, ಮಗನ ಶಾಲೆಯ ಓಣಂಗಾಗಿ. ಮೊದಲನೆಯದು ತಲೆಗೆ ಹಿಡಿಸಲಿಲ್ಲ. ಎರಡನೆಯದು ಕಣ್ಣಿನ ಮೇಲೆಯೇ ಇಳಿಯಿತು. ಹಳೆಯ ಪಂಚೆಯ ಚೂರು ಸುತ್ತಿದ ಮೇಲೆ ನಿಂತಿತು. ಯಕ್ಷಗಾನದವರು ತಲೆಗೆ ಬಟ್ಟೆ ಸುತ್ತಿಯೇ ಕಿರೀಟ ಕಟ್ಟುತ್ತಾರೆ. ಆ ಬುದ್ಧಿ ನಮಗೆ ತಡವಾಗಿ ಬಂತು.

ಅಷ್ಟರಲ್ಲಿ ಹುಡುಗ ಕೇಳಿದ: "ಅಪ್ಪಾ, ಮಾವೇಲಿ ಇವರ ರಾಜ. ನಾನು ಕನ್ನಡದವನು, ಆಗಬಹುದೆ?"

ನಮಗೆ ಉತ್ತರ ಹೊಳೆಯಲಿಲ್ಲ. ಅಜ್ಜಿಯೇ ಹೇಳಿದರು: "ದೀಪಾವಳಿ ಪಾಡ್ಯಕ್ಕೆ ಊರಲ್ಲಿ ಅಂಗಳದಲ್ಲಿ ಹಾಲೆಮರದ ಕಂಬ ನೆಟ್ಟು, ದೀಪವಿಟ್ಟು, ಕೂ ಹಾಕಿ ಕರೆಯುತ್ತೇವಲ್ಲ ಮಗಾ, ಆ ಬಲೀಂದ್ರ ಯಾರೆಂದುಕೊಂಡೆ? ಇವನೇ. ನಮ್ಮಲ್ಲಿ ಅವನಿಗೆ ಹೂವೇ ಕಿರೀಟ."

ಮಗ ಮಾವೇಲಿಯಾಗಿ ನಡೆದು ಬಂದ. ಕಿರೀಟ ಅಟ್ಟದ ಮೇಲಿದೆ. ಪಾಡ್ಯಕ್ಕೆ ಅದನ್ನೇ ಬಲೀಂದ್ರನಿಗೆ ಇಡಬೇಕೆಂದು ಅವನ ಹಟ. ಅಜ್ಜಿ ಇನ್ನೂ ಒಪ್ಪಿಲ್ಲ.