ಕಟ್ಟಡದ ನಿಯಮವನ್ನು ಓದುವ ಬಗೆ

ಕೊಡೇಕಲ್ ಎಂದೊಡನೆ ಕಾಲಜ್ಞಾನದ ವಚನಗಳನ್ನು ನುಡಿದ ಕೊಡೇಕಲ್ಲ ಬಸವಣ್ಣನವರ ನೆನಪಾಗುತ್ತದೆ. ಸುರಪುರ ಸೀಮೆಯ ಆ ಕಡೆ ಹೋದವರು ಅಲ್ಲಿಯ ಹಳೆಯ ಮನೆಗಳನ್ನೂ ನೋಡಿಯೇ ಇರುತ್ತಾರೆ. ಕೈಚಾಚುವಷ್ಟು ದಪ್ಪದ ಕಲ್ಲಿನ ಗೋಡೆ, ಮೇಲೆ ಮರದ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಅಲ್ಲಿ ಗೌಂಡಿಯ ಕಣ್ಣಳತೆಯೇ ಪ್ರಮಾಣ. ಈ ಸೀಮೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವರು ಬಹುಮಂದಿ. ಕೆಲವರು ಅಲ್ಲಿಯೇ ನೆಲೆಸಿ ಸ್ವಂತ ಮನೆ ಕಟ್ಟುವುದೂ ಉಂಟು. ಆಗ ಕಣ್ಣಳತೆ ಸಾಲದು, ನಿಯಮಾವಳಿ ಎದುರಾಗುತ್ತದೆ. “ನಿಯಮ ಏನು ಹೇಳುತ್ತದೆ?” ಎಂದು ಎಲ್ಲರೂ ಕೇಳುತ್ತಾರೆ. “ಏಕೆ ಹಾಗೆ ಹೇಳುತ್ತದೆ?” ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನೇ ಇಂದು ನಾವು ಸ್ವಲ್ಪ ವಿಚಾರಿಸೋಣ.

ಇದು ಎಂಜಿನಿಯರುಗಳಿಗೆ ಮಾತ್ರ ಸೇರಿದ ಸಂಗತಿಯಲ್ಲ. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗಂಗಾರಾಮ್ ಕಟ್ಟಡ ಕಟ್ಟುತ್ತಿರುವಾಗಲೇ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದಲ್ಲಿ, ಇನ್ನೂ ಕೆಲಸ ಮುಗಿಯದಿದ್ದ ಕಟ್ಟಡವೊಂದು ಬಿದ್ದು 19 ಮಂದಿ ತೀರಿಕೊಂಡರು. ಭೂಕಂಪವೇನೂ ಆಗಿರಲಿಲ್ಲ.

ಮೊದಲು ಒಂದು ಭೇದವನ್ನು ತಿಳಿಯಬೇಕು. ನಗರದ ಕಟ್ಟಡ ಉಪವಿಧಿಗಳು ಎತ್ತರವೆಷ್ಟು, ಸುತ್ತ ಬಿಡಬೇಕಾದ ಜಾಗವೆಷ್ಟು ಎಂಬುದನ್ನು ಗೊತ್ತುಮಾಡುತ್ತವೆ. ಕಂಬಕ್ಕೆ ಎಷ್ಟು ಕಬ್ಬಿಣ, ಅಡಿಪಾಯ ಎಷ್ಟು ಅಗಲ ಎಂಬುದರ ಲೆಕ್ಕ ಭಾರತೀಯ ಮಾನಕ ಸಂಸ್ಥೆಯ ಗ್ರಂಥಗಳಲ್ಲಿದೆ. ನಕಾಶೆಗೆ ಮಂಜೂರಾತಿ ದೊರೆಯಿತೆಂದ ಮಾತ್ರಕ್ಕೆ ಮನೆ ಗಟ್ಟಿಯೆಂದು ಯಾರೂ ಬರೆದುಕೊಟ್ಟಂತಾಗಲಿಲ್ಲ.

ಇನ್ನು ಭಾರದ ಲೆಕ್ಕ. ವಾಸದ ಕೋಣೆಯ ನೆಲ ಒಂದು ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಭಾರವನ್ನು ಹೊರಬೇಕೆಂದು ನಿಯಮ ಹೇಳುತ್ತದೆ. ಇದರ ಹಿಂದಿರುವ ಊಹೆ ಏನು? ಮಂಚ, ಕಪಾಟು, ಓಡಾಡುವ ಮನುಷ್ಯರು, ಅಷ್ಟೇ. ಒಂದು ಚದರ ಮೀಟರಿನಲ್ಲಿ ಕ್ವಿಂಟಲಿನ ಎರಡು ಚೀಲ ತೊಗರಿ ಇಟ್ಟರೆ ಆ ಲೆಕ್ಕ ಮುಗಿಯಿತು. ಕೋಣೆಯನ್ನು ದಾಸ್ತಾನಿಗೆ ಬಳಸಬೇಕೆಂದರೆ ಬೇರೆಯೇ ಲೆಕ್ಕ ಬೇಕು. ನಮ್ಮ ಮಾಳಿಗೆಯನ್ನು ತೆಗೆದುಕೊಳ್ಳಿ: ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಹೆಚ್ಚುಕಡಿಮೆ 500 ಕಿಲೋಗ್ರಾಂ ತೂಗುತ್ತದೆ. ಹಾಗೆಯೇ ಎರಡಂತಸ್ತಿಗೆ ಹಾಕಿದ ಕಂಬದ ಮೇಲೆ ಮೂರನೆಯದನ್ನು ಏರಿಸುವವರು ನಿಯಮವನ್ನಷ್ಟೇ ಅಲ್ಲ, ಅದರ ಹಿಂದಿನ ಊಹೆಯನ್ನೇ ಮುರಿಯುತ್ತಾರೆ.

ಎರಡನೆಯದು ‘ಕನಿಷ್ಠ’ ಎಂಬ ಮಾತು. ಉಕ್ಕಿನ ಸರಳು ಹಾಕುವ ಕಾಂಕ್ರೀಟು ಕನಿಷ್ಠ ‘ಎಂ 20’ ದರ್ಜೆಯದಾಗಿರಬೇಕೆಂದು 2000ದ ಐ.ಎಸ್. 456 ಹೇಳಿತು. 28 ದಿನಗಳ ಬಳಿಕ ಒಂದು ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡವನ್ನು ತಡೆಯುವ ಕಾಂಕ್ರೀಟು ಅದು. ಹಲವರು ಇದನ್ನು ಸರಾಸರಿ ಎಂದು ಓದುತ್ತಾರೆ. ಹಾಗಲ್ಲ. ಪರೀಕ್ಷೆಯ ಫಲಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು 20ಕ್ಕಿಂತ ಕೆಳಗೆ ಬೀಳಬಾರದು ಎಂಬುದು ಅದರ ಅರ್ಥ. ಅದಕ್ಕಾಗಿ ಮಿಶ್ರಣವನ್ನು ಯೋಜಿಸುವಾಗ ಸುಮಾರು 26.6ರ ಗುರಿ ಇಡಬೇಕಾಗುತ್ತದೆ. ಕಲಸುವುದು ಸುಲಭವಾಗಲೆಂದು ಇನ್ನೊಂದು ಕೊಡ ನೀರು ಸುರಿದರೆ ಕರಗುವುದು ಈ ಅಂತರವೇ.

ಮೂರನೆಯದು ಬೆಂಗಳೂರಿನಲ್ಲಿ ಎಲ್ಲೆಲ್ಲೂ ಕಾಣುವ ನೋಟ. ಕೆಳಗೆ ವಾಹನ ನಿಲ್ಲಿಸಲು ಬರಿಯ ಕಂಬಗಳು, ಮೇಲೆ ಗೋಡೆ ತುಂಬಿದ ಅಂತಸ್ತುಗಳು. ಉಪವಿಧಿಗಳು ವಾಹನದ ಜಾಗವನ್ನು ಕಟ್ಟಡದ ಒಟ್ಟು ವಿಸ್ತೀರ್ಣದ ಲೆಕ್ಕದಿಂದ ಬಿಟ್ಟುಕೊಟ್ಟದ್ದರಿಂದ ಈ ಪದ್ಧತಿ ಬೆಳೆಯಿತು. ಆದರೆ ಭೂಕಂಪದ ದೃಷ್ಟಿಯಿಂದ ಅದೇ ಖಾಲಿ ಅಂತಸ್ತು ದುರ್ಬಲ ಜಾಗ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಇಂಥ ಅನೇಕ ಕಟ್ಟಡಗಳು ಉರುಳಿದವು. 2002ರ ಐ.ಎಸ್. 1893ರಲ್ಲಿ ಇದಕ್ಕೆ ಮಾರ್ಗ ತೋರಿಸಲಾಯಿತು: ಆ ಅಂತಸ್ತಿನ ಕಂಬ ತೊಲೆಗಳನ್ನು ಎರಡೂವರೆ ಪಟ್ಟು ಬಲಕ್ಕೆ ಲೆಕ್ಕಹಾಕಬೇಕು, ಇಲ್ಲವೆ ಅಡ್ಡಬಲವನ್ನು ತಡೆಯುವ ಕಾಂಕ್ರೀಟಿನ ಗೋಡೆಗಳನ್ನು ಕೊಡಬೇಕು. ಒಂದು ಗ್ರಂಥ ಕೊಟ್ಟ ಸವಲತ್ತಿಗೆ ಇನ್ನೊಂದು ಗ್ರಂಥ ಬೆಲೆ ಕೇಳುತ್ತದೆ. ಎರಡನ್ನೂ ಕೂಡಿಸಿ ಓದಿದವನೇ ನಿಯಮವನ್ನು ಓದಿದವನು.

“ನಮ್ಮದು ಭೂಕಂಪದ ನಾಡಲ್ಲವಲ್ಲ” ಎನ್ನುವವರಿಗೆ ಒಂದು ಮಾತು. ಕೊಡೇಕಲ್ಲಿನಿಂದ ಉತ್ತರಕ್ಕೆ ಸುಮಾರು ಇನ್ನೂರು ಕಿಲೋಮೀಟರ್ ದೂರದಲ್ಲಿದೆ ಲಾತೂರ್ ಜಿಲ್ಲೆಯ ಕಿಲಾರಿ. ನಕಾಶೆಯಲ್ಲಿ ಅದು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದಾಗ, ನೆಲ ನಡುಗಿ ಸಾವಿರಾರು ಮಂದಿ ಸತ್ತರು. ಅವರನ್ನು ಕೊಂದದ್ದು ನಮ್ಮ ಮನೆಗಳಂಥವೇ ದಪ್ಪ ಕಲ್ಲಿನ ಗೋಡೆ, ಭಾರದ ಮಣ್ಣಿನ ಮಾಳಿಗೆ. 2002ರ ನಕಾಶೆಯಲ್ಲಿ ಒಂದನೆಯ ವಲಯವೆಂಬುದನ್ನೇ ತೆಗೆದುಹಾಕಲಾಯಿತು. ವಲಯದ ಅಂಕೆ ಅಂದಿನ ತಿಳಿವಳಿಕೆಯ ಅಂಕೆ. ನೆಲ ಕೊಟ್ಟ ಭರವಸೆಯಲ್ಲ.

ಗೋಡೆ ದಪ್ಪವಾದಷ್ಟೂ ಮನೆ ಭದ್ರವೆಂಬುದು ನಮ್ಮ ಹಳೆಯ ನಂಬಿಕೆ. ಆದರೆ ಅಂಥ ಗೋಡೆ ಒಳಗೊಂದು ಹೊರಗೊಂದು ಪದರವಾಗಿ, ನಡುವೆ ಚೂರುಗಲ್ಲು ತುಂಬಿಕೊಂಡಿರುತ್ತದೆ. ನಡುಕಕ್ಕೆ ಎರಡೂ ಬಿಚ್ಚಿಕೊಳ್ಳುತ್ತವೆ. 1993ರ ಐ.ಎಸ್. 13828 ಅದಕ್ಕೇ ಗೋಡೆ 450 ಮಿಲಿಮೀಟರನ್ನು ಮೀರದಿರಲಿ, ಪ್ರತಿ 600 ಮಿಲಿಮೀಟರ್ ಎತ್ತರಕ್ಕೊಮ್ಮೆ, 1.2 ಮೀಟರ್ ಮೀರದ ಅಂತರದಲ್ಲಿ, ಎರಡೂ ಮುಖವನ್ನು ಮುಟ್ಟುವ ಉದ್ದಗಲ್ಲನ್ನು ಕೂಡಿಸಿ ಎನ್ನುತ್ತದೆ. ಇದಕ್ಕೆ ದೊಡ್ಡ ಖರ್ಚಿಲ್ಲ. ಗೌಂಡಿಗೆ ಹೇಳಿ ಮಾಡಿಸಿದರಾಯಿತು.

ಮನೆ ಕಟ್ಟಿಸುವವರು ನಿಯಮದ ಗ್ರಂಥವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಎಂಜಿನಿಯರನ್ನು ಮೂರು ಪ್ರಶ್ನೆ ಕೇಳಿದರೆ ಸಾಕು: ಈ ಕಂಬ ಎಷ್ಟು ಅಂತಸ್ತಿಗೆ? ಈ ನೆಲ ಯಾವ ಬಳಕೆಗೆ? ಇಲ್ಲಿಯ ಮಣ್ಣನ್ನು ಪರೀಕ್ಷಿಸಿದ್ದೀರಾ? ಉತ್ತರವನ್ನು ಬರೆಯಿಸಿಕೊಂಡು ಮನೆಯ ಪತ್ರಗಳೊಡನೆ ಇಡಿ. ನಾಳೆ ಮಕ್ಕಳು ಇನ್ನೊಂದು ಅಂತಸ್ತು ಏರಿಸಲು ಹೊರಟಾಗ ಆ ಒಂದು ಹಾಳೆ ಅವರನ್ನು ಕಾಯುತ್ತದೆ.