ಲೆಕ್ಕಕ್ಕೆ ಸಿಗದ ಕೈಗಳು



ನಾವು ಏಳನೆಯ ಇಯತ್ತೆಗೇ ಶಾಲೆ ಬಿಟ್ಟು, ಕಪ್ಪುಬಸಿ ತೊಳೆದು ಮೇಲೆ ಬಂದವರು. ವಿದ್ವಾಂಸರನ್ನು ಅಳೆಯುವ ಮಾತು ನಮಗೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಕಳೆದ ತಿಂಗಳು ಒಬ್ಬ ಹೋಟೆಲು ಮಾಲಕರು ಬಿಲ್ಲು ಎಣಿಸಿ ಬೋನಸ್ ಹಂಚುವೆವೆಂದರು. ಬಿಲ್ಲು ಬೀಳುವುದು ಸಪ್ಲಾಯರನ ಹೆಸರಿಗೆ. ಹಿಟ್ಟು ರುಬ್ಬಿದವನ, ತಟ್ಟೆ ತೊಳೆದವನ ಹೆಸರಿಗೆ ಬಿಲ್ಲೆಲ್ಲಿ? ಇದೇ ತಕರಾರು ವಿದ್ವಾಂಸರ ಮನೆಯಲ್ಲೂ ಉಂಟು.

ಯಂತ್ರಕ್ಕೆ ಕಲಿಸುವ ವಿದ್ಯೆಗೆ ಮೆಷಿನ್ ಲರ್ನಿಂಗ್ ಎನ್ನುತ್ತಾರೆ. ಅದರ ಸಂಶೋಧಕರು ಲೇಖನ ಬರೆಯುತ್ತಾರೆ. ಒಬ್ಬರ ಲೇಖನವನ್ನು ಇನ್ನೊಬ್ಬರು ತಮ್ಮ ಬರಹದಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ. 2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೊರ್ಹೆ ಹಿರ್ಷ್ ಎಂಬವರು ಎಚ್-ಇಂಡೆಕ್ಸ್ ಎಂಬ ಅಳತೆ ಕೊಟ್ಟರು. ತಲಾ 10 ಉಲ್ಲೇಖವಾದರೂ ಪಡೆದ 10 ಲೇಖನಗಳಿದ್ದು, ತಲಾ 11 ಪಡೆದ 11 ಲೇಖನಗಳಿಲ್ಲದಿದ್ದರೆ ಅಂಕ 10. ಒಂದೇ ಲೇಖನ ಬರೆದವರಿಗೆ, ಅದು ಸಾವಿರ ಸಲ ಉಲ್ಲೇಖವಾದರೂ, ಅಂಕ 1. ಸುಲಭದ ಲೆಕ್ಕ, ಆದರೆ ಕುರುಡು ಲೆಕ್ಕ.

ಕೂಡಿ ದುಡಿದದ್ದಕ್ಕೆ ಏನು ಲೆಕ್ಕ? ಇಂದಿನ ಮಾತಾಡುವ ಯಂತ್ರಗಳಿಗೆ ಬುನಾದಿಯಾದ ‘ಅಟೆನ್ಷನ್ ಈಸ್ ಆಲ್ ಯು ನೀಡ್’ ಎಂಬ 2017ರ ಲೇಖನಕ್ಕೆ ಎಂಟು ಜನ ಲೇಖಕರು. ಎಲ್ಲರ ಪಾಲೂ ಸಮ, ಹೆಸರುಗಳ ಕ್ರಮಕ್ಕೆ ಅರ್ಥವಿಲ್ಲ ಎಂದು ಅವರು ಅಚ್ಚು ಹಾಕಿಸಿದರು. ಯಾರು ಯಾವ ಕೆಲಸ ಮಾಡಿದರೆಂದೂ ಬರೆದರು. ಇದು ನಮಗೆ ಮೆಚ್ಚುಗೆಯಾಯಿತು.

ಇನ್ನೊಂದು ಕಡೆ ನೋಡಿ. ಯಂತ್ರಕ್ಕೆ ಚಿತ್ರ ಗುರುತಿಸಲು ಕಲಿಸಿದ ಇಮೇಜ್‌ನೆಟ್ ಸಂಗ್ರಹದ ಲೇಖನ 2009ರಲ್ಲಿ ಬಂತು. ಅದರ ಮೇಲೆ ಆರು ಹೆಸರು. ಇದು ನಾಯಿ, ಇದು ಬೆಕ್ಕು ಎಂದು ಚಿತ್ರಗಳನ್ನು ವಿಂಗಡಿಸಲು ನೆರವಾದವರು 167 ದೇಶಗಳ ಸುಮಾರು 50,000 ಬಿಡಿಗೆಲಸದವರು. ಮುಖ್ಯಸ್ಥೆ ಫೇ-ಫೇ ಲಿ ಅವರೇ 2015ರಲ್ಲಿ ತುಂಬಿದ ಸಭೆಯಲ್ಲಿ ಇದನ್ನು ಹೇಳಿದರು. ಅವರು ಮುಚ್ಚಿಡಲಿಲ್ಲ; ಆದರೂ ಉಲ್ಲೇಖದ ಲೆಕ್ಕದಲ್ಲಿ ಆ ಕೈಗಳಿಗೆ ಸ್ಥಾನವಿಲ್ಲ.

ವಿದ್ವಾಂಸರೂ ಎಚ್ಚೆತ್ತಿದ್ದಾರೆ. 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿ, ಮರುವರ್ಷ ಘೋಷಣೆ ಹೊರಡಿಸಿದರು: ಪತ್ರಿಕೆಯ ಅಂಕ ನೋಡಿ ಮನುಷ್ಯನನ್ನು ತೂಗಬೇಡಿ, ಕೆಲಸವನ್ನೇ ನೋಡಿ.

ಬಂಧುಗಳೇ, ಲೆಕ್ಕವೇ ಬೇಡವೆಂದು ನಾವು ಹೇಳುವುದಿಲ್ಲ. ಮಸ್ಟರಿನಲ್ಲಿ ಹೆಸರಿಲ್ಲದವನಿಗೆ ಪಗಾರವಿಲ್ಲ. ಗಿರಣಿಯಲ್ಲಿ ದುಡಿದ ಹಿರಿಯರು ಬಲ್ಲರು, ಒಂದು ಮಗ್ಗ ನಡೆಯಲು ಅದರ ಹಿಂದೆ ಎಷ್ಟು ಕೈ ಬೇಕೆಂದು. ನಾವು ಕೇಳುವುದು ಪೂರ್ತಿ ಲೆಕ್ಕ.

ಬರುವ ಭಾನುವಾರ ಆ ಹೋಟೆಲಿನ ಸದಸ್ಯರೆಲ್ಲ ಸಂಘಕ್ಕೆ ಬನ್ನಿ. ಆ ಎಂಟು ಜನ ಬರೆದಂತೆ, ಯಾರು ಏನು ಮಾಡುತ್ತೇವೆಂದು ನಾವೂ ಬರೆಯೋಣ. ತಟ್ಟೆ ತೊಳೆಯುವ ಹುಡುಗನ ಹೆಸರು ಮೊದಲು ಬರಲಿ. ಆ ಕಾಗದ ಹಿಡಿದೇ ಮಾಲಕರ ಬಳಿಗೆ ಹೋಗೋಣ.