ಗಾಂಜಾ ವ್ಯಾಪಾರಕ್ಕೆ ತೆರಿಗೆ



ಕೊಲೊರಾಡೋದಲ್ಲಿ 2014ರಿಂದ ಲೈಸೆನ್ಸ್ ಪಡೆದ ಅಂಗಡಿಗಳಲ್ಲಿ ಗಾಂಜಾ ರಾಜಾರೋಷವಾಗಿ ಮಾರಾಟವಾಗುತ್ತಿದೆ. ರಾಜ್ಯ ಒಪ್ಪಿದ್ದನ್ನು ಕೇಂದ್ರ ಒಪ್ಪಬೇಕಲ್ಲ! ಆದರೆ ತೆರಿಗೆ ಮಾತ್ರ ಬೇಕು. ಕಳ್ಳ ದಂಧೆಯ ಆದಾಯಕ್ಕೂ ತೆರಿಗೆ ಉಂಟೆಂದು ಅಮೆರಿಕದ ಸುಪ್ರೀಂ ಕೋರ್ಟ್ 1927ರಲ್ಲೇ ಹೇಳಿತ್ತು. (ಆಲ್ ಕಪೋನ್ ಜೈಲಿಗೆ ಹೋದದ್ದು ಕೊಲೆಗಲ್ಲ, ತೆರಿಗೆಗೆ!) ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರುವುದು 280ಇ ಕಲಮಿನ ಬಗ್ಗೆ. ಮಾದಕ ವಸ್ತು ಮಾರುತ್ತಿದ್ದವನೊಬ್ಬ 1981ರಲ್ಲಿ ವ್ಯಾಪಾರದ ಖರ್ಚು ಕಳೆಯಲು ತೆರಿಗೆ ಕೋರ್ಟಿನಿಂದ ಅನುಮತಿ ಪಡೆದ. ಮರುವರ್ಷವೇ ಈ ಕಲಂ ಬಂತು. ಗಾಂಜಾ ಮಾದಕ ವಸ್ತುಗಳ ಮೊದಲೆರಡು ಪಟ್ಟಿಗಳಲ್ಲಿ ಇರುವಷ್ಟು ಕಾಲ ಬಾಡಿಗೆ, ಸಂಬಳ ಯಾವುದನ್ನೂ ಕಳೆಯುವ ಹಾಗಿಲ್ಲ. ಸರಕಿನ ಅಸಲು ಮಾತ್ರ.

ಲೆಕ್ಕ ನೋಡಿ. 10 ಲಕ್ಷ ಡಾಲರ್ ಮಾರಾಟ, ಸರಕಿಗೆ 6 ಲಕ್ಷ, ಬಾಡಿಗೆ ಸಂಬಳಕ್ಕೆ 3 ಲಕ್ಷ. ಉಳಿದದ್ದು 1 ಲಕ್ಷ. ಕಂಪನಿಗಳ ಶೇ. 21ರ ತೆರಿಗೆ ಬೀಳುವುದು 4 ಲಕ್ಷದ ಮೇಲೆ: 84 ಸಾವಿರ! ಬೆಳೆಗಾರನಿಗೆ ಗೊಬ್ಬರ, ಕೂಲಿ ಎಲ್ಲ ಅಸಲಿಗೇ ಸೇರುವುದರಿಂದ ಹೊಡೆತ ಕಡಿಮೆ. ಸಾಯುವವನು ಅಂಗಡಿಯವನು.

ಇಷ್ಟು ಕಟ್ಟಿದರೂ, ರಾಜ್ಯದ ಒಪ್ಪಿಗೆಯಿದ್ದರೂ, ಈ ಉದ್ಯಮದ ನಂಟು ಪೌರತ್ವಕ್ಕೆ ಅಡ್ಡಿಯಾಗಬಹುದೆಂದು ವಲಸೆ ಇಲಾಖೆ 2019ರಲ್ಲಿ ಸ್ಪಷ್ಟಪಡಿಸಿದೆ. ಗ್ರೀನ್ ಕಾರ್ಡಿನಲ್ಲಿರುವ ನಮ್ಮವರು ಇಂಥ ಅಂಗಡಿಯಲ್ಲಿ ಪಾಲು ಹಾಕುವ ಮುಂಚೆ ವಕೀಲರನ್ನು ಕೇಳಿ.